ಬೀದರ್‌ನ ನೆರಳು, ಚಾಮರಾಜನಗರದ ನೆರಳು: ಪ್ರಾಜೆಕ್ಟ್ ಪಾಠಕ್ಕಾಗಿ ಶಿಕ್ಷಕರ ಆನ್‌ಲೈನ್ ಬಳಗ ಕಟ್ಟುವುದು ಹೇಗೆ?

ಫೋನ್ ತೆಗೆದು, ನೀವು ಎಷ್ಟು ಶಿಕ್ಷಕರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಇದ್ದೀರಿ ಅಂತ ಒಮ್ಮೆ ಎಣಿಸಿ. ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ) ಗ್ರೂಪ್, ತಾಲ್ಲೂಕು ವಿಜ್ಞಾನ ಗ್ರೂಪ್, ಸಂಘದ ಗ್ರೂಪ್, ಯಾವಾಗಲೋ ಮುಗಿದ ತರಬೇತಿಯ ಗ್ರೂಪ್, ಚುನಾವಣಾ ಡ್ಯೂಟಿಯ ಗ್ರೂಪ್. ನನ್ನ ಫೋನಲ್ಲಿ ಹದಿನೇಳು ಇದ್ದವು. ಬೆಳಿಗ್ಗೆ ಹೂವಿನ ಚಿತ್ರದ ಶುಭೋದಯ, ಮಧ್ಯಾಹ್ನ ಸುತ್ತೋಲೆ, ಸಂಜೆ 'ತುರ್ತು, ಇಂದೇ ಕೊನೆಯ ದಿನ' ಅಂತ ಮತ್ತೊಂದು ಸುತ್ತೋಲೆ. ಇದರ ನಡುವೆ ಒಂದು ದಿನ ಒಬ್ಬ ಮೇಡಂ ಕೇಳಿದರು: 'ಎಂಟನೇ ಕ್ಲಾಸಿಗೆ ಊರಿನ ಬಾವಿಗಳ ಬಗ್ಗೆ ಪ್ರಾಜೆಕ್ಟ್ ಮಾಡಿಸಬೇಕು, ಯಾರಾದರೂ ಮಾಡಿಸಿದ್ದೀರಾ?' ಹತ್ತು ನಿಮಿಷದೊಳಗೆ ಆ ಪ್ರಶ್ನೆಯ ಮೇಲೆ ಮೂರು ಹುಟ್ಟುಹಬ್ಬದ ಶುಭಾಶಯ ಬಿದ್ದವು. ಪ್ರಶ್ನೆ ಮೇಲಕ್ಕೆ ಹೋಯಿತು. ಉತ್ತರ ಬರಲಿಲ್ಲ.

ಬಾವಿ ಪ್ರಾಜೆಕ್ಟ್ ಮಾಡಿಸಿದ್ದ ಮೇಷ್ಟ್ರು ಅದೇ ಗ್ರೂಪಿನಲ್ಲಿ ಇದ್ದರು ಅನ್ನೋದು ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ, ಒಂದು ಮದುವೆ ಊಟದಲ್ಲಿ.

ಹಾಗಾಗಿ ಕೊರತೆ ಇರುವುದು ಗ್ರೂಪ್‌ಗಳದ್ದಲ್ಲ. ಒಂದೇ ಕೆಲಸಕ್ಕೆ ಕೈ ಹಾಕಿದ ನಾಲ್ಕೈದು ಜನ ಒಬ್ಬರಿಗೊಬ್ಬರು ಸಿಗುವುದಿಲ್ಲ, ಅಷ್ಟೇ. ಅಂಥ ಜನರನ್ನು ಹುಡುಕಿ, ಒಂದು ಶೈಕ್ಷಣಿಕ ವರ್ಷ ಜೊತೆಯಲ್ಲಿ ಇಟ್ಟುಕೊಳ್ಳುವುದು ಹೇಗೆ ಅಂತ ಈ ಬರಹದಲ್ಲಿ ಹೇಳುತ್ತೇನೆ. ನಾನು ವಿಜ್ಞಾನದವನು, ಉದಾಹರಣೆಗಳು ಆ ಕಡೆಗೇ ವಾಲುತ್ತವೆ. ಸಮಾಜ, ಕನ್ನಡ, ಗಣಿತದವರು ತಮ್ಮ ವಿಷಯಕ್ಕೆ ಹೊಂದಿಸಿಕೊಳ್ಳಿ.

ಮೊದಲು ಗ್ರೂಪ್ ಮಾಡಬೇಡಿ

ಬಹಳ ಜನ ಇಲ್ಲೇ ಎಡವುತ್ತಾರೆ. ಉತ್ಸಾಹ ಬಂದ ದಿನವೇ ಗ್ರೂಪ್ ಮಾಡಿ, 'ನವೋನ್ಮೇಷ ಶಿಕ್ಷಕರ ಬಳಗ' ಅಂತ ಹೆಸರಿಟ್ಟು, ಕಾಂಟ್ಯಾಕ್ಟ್‌ನಲ್ಲಿದ್ದ ನೂರು ಜನರನ್ನು ಕೇಳದೆಯೇ ಸೇರಿಸುತ್ತಾರೆ. ಮೊದಲ ದಿನ ಚಪ್ಪಾಳೆ ಇಮೋಜಿ. ಮೂರನೇ ವಾರಕ್ಕೆ ಅದೂ ಹದಿನೆಂಟನೇ ಶುಭೋದಯದ ಗ್ರೂಪ್.

ಅದರ ಬದಲು ಒಂದು ಹಾಳೆ ತಗೊಳ್ಳಿ. ಈ ವರ್ಷ ಯಾವ ತರಗತಿಗೆ, ಯಾವ ಪಾಠದ ಜೊತೆ ಒಂದೇ ಒಂದು ನಿಜವಾದ ಪ್ರಾಜೆಕ್ಟ್ ಮಾಡಿಸುತ್ತೀರಿ ಅಂತ ಬರೆಯಿರಿ. ನಿಜವಾದದ್ದು ಅಂದರೆ, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯ ಹಿಂದಿನ ರಾತ್ರಿ ಅಪ್ಪ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಅಂಟಿಸಿಕೊಡುವ ಚಾರ್ಟ್ ಅಲ್ಲ. ಶುರು ಮಾಡುವಾಗ ಉತ್ತರ ಮಕ್ಕಳಿಗೂ ಗೊತ್ತಿರಬಾರದು, ಸಾಧ್ಯವಾದರೆ ನಿಮಗೂ ಗೊತ್ತಿರಬಾರದು. 'ನೀರಿನ ಮಹತ್ವ' ಒಂದು ವಿಷಯ, ಅದು ಪ್ರಬಂಧಕ್ಕೆ ಸರಿ. 'ನಮ್ಮ ಊರಿನ ಬಾವಿಗಳಲ್ಲಿ ಎಷ್ಟಕ್ಕೆ ಬೇಸಿಗೆಯಲ್ಲೂ ನೀರಿರುತ್ತದೆ, ಉಳಿದವು ಯಾಕೆ ಬತ್ತಿದವು?' ಅನ್ನುವುದು ಪ್ರಾಜೆಕ್ಟಿನ ಪ್ರಶ್ನೆ.

ಅದರ ಕೆಳಗೆ, ಈ ಕೆಲಸದಲ್ಲಿ ನಿಮಗೆ ಗೊತ್ತಿಲ್ಲದ ಮೂರು ಸಂಗತಿ ಬರೆಯಿರಿ. ಬಾವಿಯ ಆಳವನ್ನು ಮಕ್ಕಳು ಅಪಾಯ ಇಲ್ಲದೆ ಅಳೆಯುವುದು ಹೇಗೆ? ನಲವತ್ತೈದು ಮಕ್ಕಳ ಕ್ಲಾಸನ್ನು ಹೇಗೆ ಹಂಚುವುದು? ಇದಕ್ಕೆ ಅಂಕ ಕೊಡುವುದು ಯಾವ ಆಧಾರದ ಮೇಲೆ? ಈ ಮೂರು ಪ್ರಶ್ನೆಗಳೇ ನಿಮ್ಮ ಬಳಗದ ಅಡಿಪಾಯ. ಯಾರನ್ನು ಹುಡುಕಬೇಕು ಅಂತ ಇವೇ ಹೇಳುತ್ತವೆ.

ಒಂದೇ ಶಾಲೆಯಿಂದ ಆಗದ ಕೆಲಸ ಹುಡುಕಿ

ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳಿ ಅಂದರೆ ನಾನು ಈ ಭಾಗವನ್ನೇ ತೋರಿಸುತ್ತೇನೆ. 'ನಿಮ್ಮ ಅನುಭವ ಹಂಚಿಕೊಳ್ಳಿ' ಅಂದರೆ ಯಾರೂ ಹಂಚಿಕೊಳ್ಳುವುದಿಲ್ಲ. 'ನಿಮ್ಮ ಊರಿನ ಅಳತೆ ಬರದೆ ನನ್ನ ಮಕ್ಕಳ ಲೆಕ್ಕ ಮುಗಿಯುವುದಿಲ್ಲ' ಅಂದರೆ ಫೋನ್ ಮಾಡಿಯಾದರೂ ಕೊಡುತ್ತಾರೆ.

ನನಗೆ ಬಹಳ ಇಷ್ಟದ ಉದಾಹರಣೆ ನೆರಳಿನದು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಎರಟೋಸ್ಥನೀಸ್ ಎಂಬಾತ ಈಜಿಪ್ಟಿನ ಎರಡು ಊರುಗಳ ಮಧ್ಯಾಹ್ನದ ನೆರಳನ್ನು ಹೋಲಿಸಿ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಅದೇ ಲೆಕ್ಕ ಮಾಡಲು ಕರ್ನಾಟಕ ಹೇಳಿ ಮಾಡಿಸಿದಂತಿದೆ. ಬೀದರ್ ಇರುವುದು ಸುಮಾರು 17.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಚಾಮರಾಜನಗರ 11.9ರಲ್ಲಿ. ವ್ಯತ್ಯಾಸ 6 ಡಿಗ್ರಿ. ಎರಡೂ ಊರು ಹೆಚ್ಚುಕಡಿಮೆ ಒಂದೇ ಉತ್ತರ-ದಕ್ಷಿಣ ಗೆರೆಯ ಮೇಲಿವೆ. ನಡುವಿನ ನೇರ ದೂರ ಸುಮಾರು 665 ಕಿಲೋಮೀಟರ್. ಪೂರ್ತಿ ವೃತ್ತಕ್ಕೆ 360 ಡಿಗ್ರಿ, ಅಂದರೆ 6 ಡಿಗ್ರಿಯ ತುಂಡುಗಳು ಅರವತ್ತು. 665 ಗುಣಿಸು 60 ಅಂದರೆ 39,900. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಒಂದು ಕೋಲು, ಒಂದು ಅಳತೆ ಟೇಪು, ಒಬ್ಬ ಗೆಳೆಯ ಸಾಕು!

ಮಾಡುವ ರೀತಿ ಹೀಗೆ. ಎರಡೂ ಶಾಲೆಯವರು ಒಂದೇ ದಿನ ಸಮತಟ್ಟಾದ ಜಾಗದಲ್ಲಿ ಸರಿಯಾಗಿ ಒಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಬೇಕು. ನೆಟ್ಟಗಿದೆಯೇ ಅಂತ ನೋಡಲು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಸಾಕು, ಗಾರೆ ಕೆಲಸದವರು ಮಾಡುವ ಹಾಗೆ. 12 ಗಂಟೆಯಿಂದ 12.40ರವರೆಗೆ ಎರಡೆರಡು ನಿಮಿಷಕ್ಕೊಮ್ಮೆ ನೆರಳಿನ ತುದಿ ಗುರುತು ಮಾಡಿ, ಅತಿ ಚಿಕ್ಕ ನೆರಳನ್ನು ತಗೊಳ್ಳಬೇಕು. ನಮ್ಮ ಗಡಿಯಾರದ 12ಕ್ಕೆ ಸೂರ್ಯ ನೆತ್ತಿಗೆ ಬಂದಿರುವುದಿಲ್ಲ ಅನ್ನೋದು ಮಕ್ಕಳಿಗೆ ಮೊದಲ ಅಚ್ಚರಿ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ನಾವು ಅದರ ಪಶ್ಚಿಮಕ್ಕೆ ಇದ್ದೇವೆ, ಆದ್ದರಿಂದ ಸೆಪ್ಟೆಂಬರ್ ಕೊನೆಯಲ್ಲಿ ಇಲ್ಲಿನ ನಿಜವಾದ ನಡುಹಗಲು 12.12ರಿಂದ 12.15ರ ಆಸುಪಾಸು.

ಸೆಪ್ಟೆಂಬರ್ 22-23ರ ಸುಮಾರಿಗೆ, ಹಗಲು-ರಾತ್ರಿ ಸಮ ಇರುವ ದಿನ, ಬೀದರ್‌ನಲ್ಲಿ ನೆರಳು ಸುಮಾರು 32 ಸೆಂಟಿಮೀಟರ್ ಬರಬೇಕು, ಚಾಮರಾಜನಗರದಲ್ಲಿ ಸುಮಾರು 21. ಹತ್ತನೇ ಕ್ಲಾಸಿನವರು ತ್ರಿಕೋನಮಿತಿಯಿಂದ ಕೋಲಿಗೂ ಬಿಸಿಲಿನ ಕಿರಣಕ್ಕೂ ನಡುವಿನ ಕೋನ ತೆಗೆಯುತ್ತಾರೆ. ಎಂಟನೆಯವರು ಹಾಳೆಯ ಮೇಲೆ ಸ್ಕೇಲಿಗೆ ತಕ್ಕಂತೆ ಚಿತ್ರ ಬರೆದು ಕೋನಮಾಪಕ ಇಟ್ಟು ಅಳೆಯಲಿ. ಅದೂ ಚೆನ್ನಾಗೇ ಬರುತ್ತದೆ.

ಈಗ ತೊಡಕುಗಳು. ಸೆಪ್ಟೆಂಬರ್‌ನಲ್ಲಿ ಮೋಡ. ಮಾರ್ಚ್ 21ಕ್ಕೆ ಮಾಡೋಣ ಅಂದರೆ ಪರೀಕ್ಷೆ. ಆದರೆ ಲೆಕ್ಕಕ್ಕೆ ಬೇಕಾಗಿರುವುದು ಎರಡು ಊರುಗಳ ಕೋನದ ವ್ಯತ್ಯಾಸ ಮಾತ್ರ. ಅದು ಡಿಸೆಂಬರ್‌ನಲ್ಲೂ 6 ಡಿಗ್ರಿಯೇ. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಆಕಾಶ ತಿಳಿಯಾಗಿರುವ ಯಾವ ದಿನವಾದರೂ ಸರಿ, ಎರಡೂ ಕಡೆ ಒಂದೇ ದಿನ ಆಗಬೇಕು, ಅಷ್ಟೇ. ಡಿಸೆಂಬರ್ 22ರ ಸುಮಾರಿಗೆ ನೆರಳು ಉದ್ದ, ಬೀದರ್‌ನಲ್ಲಿ ಸುಮಾರು 88 ಸೆಂಟಿಮೀಟರ್, ಚಾಮರಾಜನಗರದಲ್ಲಿ 71. ಇನ್ನೊಂದು: ಸೆಪ್ಟೆಂಬರ್ ಅಳತೆಯಲ್ಲಿ ಒಂದು ಕಡೆ ಬರೀ ಒಂದು ಸೆಂಟಿಮೀಟರ್ ತಪ್ಪಿದರೂ ಕೋನ ಅರ್ಧ ಡಿಗ್ರಿ ಹೆಚ್ಚುಕಡಿಮೆಯಾಗುತ್ತದೆ. ಭೂಮಿಯ ಸುತ್ತಳತೆ ಮೂರು ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ ಏರುಪೇರು! ಆಗ ಎರಡು ಶಾಲೆಯ ಮಕ್ಕಳ ನಡುವೆ ಶುರುವಾಗುವ 'ನಿಮ್ಮ ಕೋಲೇ ಸರಿಯಿಲ್ಲ' ಎಂಬ ಜಗಳ ಇದೆಯಲ್ಲ, ಅದು ಯಾವ ಪಾಠಕ್ಕೂ ಕಡಿಮೆಯಿಲ್ಲ. ಮತ್ತೆ ದೂರದ ವಿಚಾರ. 'ಒಂದು ಡಿಗ್ರಿಗೆ 111 ಕಿಲೋಮೀಟರ್' ಅಂತ ಅಂತರ್ಜಾಲದಲ್ಲಿ ನೋಡಿ ದೂರ ತೆಗೆಯಲು ಬಿಡಬೇಡಿ. ಆ 111 ಬಂದಿದ್ದೇ ಸುತ್ತಳತೆಯಿಂದ, ಉತ್ತರವನ್ನೇ ಪ್ರಶ್ನೆಗೆ ಹಾಕಿದ ಹಾಗಾಯಿತು. ರಸ್ತೆ ದೂರವೂ ಬೇಡ. ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟು ಅಳೆಯಲಿ.

ನೋಡಿ, ಈ ಕೆಲಸಕ್ಕೆ ಇನ್ನೊಂದು ಶಾಲೆ ಬೇಕೇ ಬೇಕು. ಬೀದರ್-ಚಾಮರಾಜನಗರ ಸಿಗದಿದ್ದರೆ ಚಿಂತೆಯಿಲ್ಲ, ಉತ್ತರ-ದಕ್ಷಿಣವಾಗಿ ಎರಡು-ಮೂರು ಡಿಗ್ರಿ ಅಂತರ ಇದ್ದರೂ ಆಗುತ್ತದೆ, ತಪ್ಪಿನ ಪ್ರಮಾಣ ಮಾತ್ರ ಏರುತ್ತದೆ. ಕಾಸರಗೋಡಿನ ಅಥವಾ ಅಕ್ಕಲಕೋಟೆಯ ಕನ್ನಡ ಮಾಧ್ಯಮ ಶಾಲೆ ಜೊತೆಗೆ ಸಿಕ್ಕರೆ ಇನ್ನೂ ಚಂದ.

ವಿಜ್ಞಾನವೇ ಆಗಬೇಕೆಂದಿಲ್ಲ. ಕನ್ನಡ ಮೇಷ್ಟ್ರಿಗೆ: ಒಂದೇ ವಸ್ತುವಿಗೆ ಊರೂರಿನಲ್ಲಿ ಏನನ್ನುತ್ತಾರೆ? ಒಬ್ಬರ ಪೊರಕೆ ಇನ್ನೊಬ್ಬರ ಕಸಬರಿಗೆ, ಮತ್ತೊಬ್ಬರ ಹಿಡಿಸೂಡಿ. ಐದು ಜಿಲ್ಲೆಯ ಮಕ್ಕಳು ಅಜ್ಜಿಯರನ್ನು ಕೇಳಿ ಐವತ್ತು ವಸ್ತುಗಳ ಪಟ್ಟಿ ಮಾಡಿದರೆ ಒಂದು ಪುಟ್ಟ ನಿಘಂಟೇ ಆಗುತ್ತದೆ. ಸಮಾಜದವರಿಗೆ: ಒಂದೇ ವಾರ ಐದು ಸಂತೆಗಳಲ್ಲಿ ಟೊಮೆಟೊ ಬೆಲೆ. ಮಳೆಯಂತೂ ಇದ್ದೇ ಇದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ, ಚಳ್ಳಕೆರೆಯ ಕಡೆ 500 ಬಂದರೆ ಒಳ್ಳೆಯ ವರ್ಷ. ಎರಡೂ ಕಡೆಯ ಮಕ್ಕಳು ಒಂದೇ ಥರದ ಬಾಟಲಿ ಮಳೆಮಾಪಕ ಇಟ್ಟು ವಾರಕ್ಕೊಮ್ಮೆ ಅಂಕಿ ಅದಲು ಬದಲು ಮಾಡಿಕೊಳ್ಳಲಿ.

ಐದು ಜನ ಎಲ್ಲಿ ಸಿಗುತ್ತಾರೆ?

ಐದು ಸಾಕು. ಎಂಟು ದಾಟಬೇಡಿ, ಮೊದಲ ವರ್ಷವಂತೂ ಬೇಡ.

ಹುಡುಕುವುದು ದೂರದಲ್ಲಲ್ಲ. ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಹಿಂದೆ ಕೂತು ಟಿಪ್ಪಣಿ ಮಾಡಿಕೊಳ್ಳುವವರು ಒಬ್ಬರು ಇದ್ದೇ ಇರುತ್ತಾರೆ. ನಿಮ್ಮ ಶಾಲೆಯಿಂದ ವರ್ಗವಾಗಿ ಬೇರೆ ಜಿಲ್ಲೆಗೆ ಹೋದ ಹಳೆಯ ಸಹೋದ್ಯೋಗಿ. ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ತರಬೇತಿಯಲ್ಲಿ ಪಕ್ಕದಲ್ಲಿ ಕೂತಿದ್ದವರು. ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಅಥವಾ ಇನ್‌ಸ್ಪೈರ್ ಅವಾರ್ಡ್‌ಗೆ ಮಕ್ಕಳನ್ನು ಕರೆತಂದಿದ್ದ ಮಾರ್ಗದರ್ಶಿ ಶಿಕ್ಷಕರು. ಇವರಿಗೆ ಪ್ರಾಜೆಕ್ಟಿನ ರುಚಿ ಈಗಾಗಲೇ ಗೊತ್ತಿರುತ್ತದೆ. ಸಿಆರ್‌ಪಿಯವರನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಿದರೆ 'ಆ ಊರಿನ ಮೇಡಂ ಏನೋ ಮಾಡಿಸ್ತಾ ಇರ್ತಾರೆ' ಅಂತ ಒಂದು ಹೆಸರು ಖಂಡಿತ ಹೇಳುತ್ತಾರೆ. ಎಲ್ಲ ಶಾಲೆಗೂ ಕಾಲಿಡುವವರು ಅವರೇ ಅಲ್ವಾ.

ಒಂದೇ ಥರದವರನ್ನು ಆರಿಸಬೇಡಿ. ಒಬ್ಬರು ಪ್ರಾಜೆಕ್ಟ್ ಮಾಡಿಸಿ ಪಳಗಿದವರು, ಒಬ್ಬರು ಹೊಸದಾಗಿ ಕೆಲಸಕ್ಕೆ ಸೇರಿದವರು, ಒಬ್ಬರು ಬೇರೆ ವಿಷಯದವರು, ಒಬ್ಬರು ಸುಮ್ಮಸುಮ್ಮನೆ ಹೊಗಳದವರು. ಈ ಕೊನೆಯವರು ಬಹಳ ಮುಖ್ಯ.

ಚಿಕ್ಕ ತರಗತಿಗಳ ನಲಿ-ಕಲಿ ಪದ್ಧತಿ ನೆನಪಿದೆಯಾ? 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಒಟ್ಟಿಗೆ ಕೂತು, ಕಲಿಕಾ ಕಾರ್ಡುಗಳನ್ನು ಬರೆದರು. ಆಮೇಲೆ ಅದು ರಾಜ್ಯಕ್ಕೆಲ್ಲ ಹರಡಿತು. ಅವರ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ. ಕಣ್ಣಾರೆ ನೋಡಿದ ಒಂದು ಕೆಲಸ ಇತ್ತು, ಅದನ್ನು ನಮ್ಮಲ್ಲಿ ಮಾಡೋಣ ಎಂಬ ಹಟ ಇತ್ತು.

ಕೇಳುವಾಗ ಮೊದಲು ಒಬ್ಬೊಬ್ಬರಿಗೇ ಫೋನ್ ಮಾಡಿ, ಆಮೇಲೆ ಮೆಸೇಜ್ ಹಾಕಿ. ಮೆಸೇಜ್ ಹೀಗಿರಲಿ:

'ನಮಸ್ಕಾರ ಮೇಡಂ. ಫೋನಿನಲ್ಲಿ ಹೇಳಿದ ಹಾಗೆ, ಡಿಸೆಂಬರ್ ಮೂರನೇ ವಾರ ನಮ್ಮ ಒಂಬತ್ತನೇ ಕ್ಲಾಸಿನವರು ಮಧ್ಯಾಹ್ನದ ನೆರಳು ಅಳೆದು ಭೂಮಿಯ ಸುತ್ತಳತೆ ಲೆಕ್ಕ ಹಾಕುತ್ತಾರೆ. ನಿಮ್ಮ ಊರಿನ ಅಳತೆ ಬೇಕು. ನಿಮ್ಮಿಂದ ಬೇಕಾಗಿರುವುದು ಒಂದು ದಿನದ ಒಂದು ಪೀರಿಯಡ್, ಮತ್ತೆ ಮುಂಚೆ ಒಮ್ಮೆ ಅರ್ಧ ಗಂಟೆ ಆನ್‌ಲೈನ್ ಮಾತು. ಆಗುವುದಿಲ್ಲ ಅಂದರೂ ಪರವಾಗಿಲ್ಲ, ನಿಮ್ಮ ಕಡೆ ಆಸಕ್ತಿ ಇರುವ ಬೇರೆಯವರ ಹೆಸರು ಹೇಳಿ.'

ಎಷ್ಟು ಕೆಲಸ, ಎಷ್ಟು ಹೊತ್ತು, ಯಾವಾಗ ಮುಗಿಯುತ್ತದೆ, ಈ ಮೂರೂ ಅದರಲ್ಲಿವೆ. ಶಿಕ್ಷಕರು ಹಿಂಜರಿಯುವುದು ಕೆಲಸಕ್ಕಲ್ಲ, ಕೊನೆಯೇ ಕಾಣದ ಕೆಲಸಕ್ಕೆ. ಇನ್ನೊಂದು ಮಾತು: ನಿಮ್ಮ ಎಚ್‌ಎಂಗೆ (ಮುಖ್ಯ ಶಿಕ್ಷಕರಿಗೆ) ಮೊದಲೇ ಹೇಳಿಬಿಡಿ. ಬಿಸಿಲಲ್ಲಿ ಮಕ್ಕಳು ಕೋಲು ಹಿಡಿದು ನಿಂತಿದ್ದನ್ನು ಆಮೇಲೆ ವಿವರಿಸುವುದಕ್ಕಿಂತ ಅದು ಸುಲಭ.

ಮಾತಿಗೊಂದು ಜಾಗ, ಕಡತಕ್ಕೊಂದು ಜಾಗ

ಈಗ ಗ್ರೂಪ್ ಮಾಡಬಹುದು.

ಮಾತಿಗೆ ವಾಟ್ಸಾಪ್ ಸಾಕು, ಎಲ್ಲರ ಹತ್ತಿರ ಇದೆ. ಟೆಲಿಗ್ರಾಂ ಇನ್ನೂ ಚೆನ್ನಾಗಿದೆ, ತಡವಾಗಿ ಸೇರಿದವರಿಗೂ ಹಳೆಯ ಮಾತು ಕಾಣುವ ಹಾಗೆ ಇಡಬಹುದು ಅಂತ ಕೆಲವರು ಹೇಳುತ್ತಾರೆ. ನಿಜ. ಆದರೆ ಐದು ಜನರಲ್ಲಿ ಇಬ್ಬರು ಅದಕ್ಕಾಗಿಯೇ ಹೊಸ ಆ್ಯಪ್ ಹಾಕಿಕೊಳ್ಳಬೇಕು ಅಂದರೆ ಬೇಡ, ಇರುವುದರಲ್ಲೇ ಶುರು ಮಾಡಿ.

ಕಡತಗಳನ್ನು ಮಾತ್ರ ವಾಟ್ಸಾಪ್‌ನಲ್ಲಿ ಬಿಡಬೇಡಿ. ಫೋನ್ ತುಂಬಿತು ಅಂತ ಒಬ್ಬರು ಅಳಿಸುತ್ತಾರೆ, ಇನ್ನೊಬ್ಬರು ಫೋನ್ ಬದಲಾಯಿಸುತ್ತಾರೆ, ಮುಂದಿನ ವರ್ಷ ಹುಡುಕಿದರೆ ಏನೂ ಇರುವುದಿಲ್ಲ. ಒಂದು ಗೂಗಲ್ ಡ್ರೈವ್ ಫೋಲ್ಡರ್ ಮಾಡಿ. ಉಚಿತ ಖಾತೆಗೆ 15 ಜಿಬಿ ಸಿಗುತ್ತದೆ, ವಿಡಿಯೊ ತುಂಬದಿದ್ದರೆ ವರ್ಷಗಟ್ಟಲೆ ಸಾಲುತ್ತದೆ. ಆ ಜಿಬಿಯಲ್ಲಿ ನಿಮ್ಮ ಜಿಮೇಲ್ ಮತ್ತು ಫೋಟೊಗಳೂ ಪಾಲು ಕೇಳುತ್ತವೆ. ಹಾಗಾಗಿ ಬಳಗಕ್ಕೆಂದೇ ಬೇರೆ ಖಾತೆ ತೆರೆದು, ಪಾಸ್‌ವರ್ಡ್ ಇಬ್ಬರ ಹತ್ತಿರ ಇರಲಿ.

ಕಡತದ ಹೆಸರು ಹೀಗಿರಲಿ: ವರ್ಷ, ತರಗತಿ, ವಿಷಯ, ಊರು. 'ಹೊಸ ಡಾಕ್ಯುಮೆಂಟ್ ಫೈನಲ್ 2' ಅಂತ ಇಟ್ಟವರಿಗೆ ಎಲ್ಲರಿಗೂ ಟೀ ಕೊಡಿಸುವ ದಂಡ.

ಕನ್ನಡದಲ್ಲಿ ಕೆಲಸ ಮಾಡುವ ನಮಗೇ ಇರುವ ಒಂದು ತಲೆನೋವಿದೆ. ಶಾಲೆಯ ಕಂಪ್ಯೂಟರಿನಲ್ಲಿ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪ್ ಮಾಡಿದ ಕಡತ ಫೋನಿನಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ. ಮೊದಲ ದಿನವೇ ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುವ ಅಕ್ಷರ ವ್ಯವಸ್ಥೆ) ಅಂತ ತೀರ್ಮಾನ ಮಾಡಿ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಹಳೆಯ ಕಡತವನ್ನು ಬದಲಾಯಿಸುವ ಪರಿವರ್ತಕಗಳೂ ಇವೆ. ಟೈಪಿಂಗ್ ಕಷ್ಟ ಅನ್ನುವವರಿಗೆ ಗೂಗಲ್ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡುವುದನ್ನು ಕಲಿಸಿ. ಐವತ್ತು ದಾಟಿದ ನಮ್ಮ ಒಬ್ಬ ಮೇಷ್ಟ್ರು ಇದನ್ನು ಕಲಿತ ಮೇಲೆ ಬಳಗದಲ್ಲಿ ಎಲ್ಲರಿಗಿಂತ ಉದ್ದ ಬರೆಯುವವರು ಅವರೇ ಆಗಿಬಿಟ್ಟರು. ಅದಕ್ಕೂ ಒಂದು ನಿಯಮ ಮಾಡಬೇಕಾಯಿತು, ಬಿಡಿ.

ಅಳತೆ, ಅಂಕಿಗಳಿಗೆ ಒಂದೇ ಗೂಗಲ್ ಶೀಟ್. ಕಾಲಂಗಳನ್ನು ಪ್ರಾಜೆಕ್ಟ್ ಶುರುವಾಗುವ ಮುಂಚೆಯೇ ಒಟ್ಟಿಗೆ ಕೂತು ಹಾಕಿ: ಊರು, ದಿನಾಂಕ, ಸಮಯ, ಕೋಲಿನ ಎತ್ತರ ಸೆಂಟಿಮೀಟರ್‌ನಲ್ಲಿ, ನೆರಳು ಸೆಂಟಿಮೀಟರ್‌ನಲ್ಲಿ, ಮೋಡ ಇತ್ತೇ, ಅಳೆದ ತಂಡ, ಟಿಪ್ಪಣಿ. ಅಳತೆಯ ಮಾನವನ್ನು ತಲೆಬರಹದಲ್ಲೇ ಬರೆಯದಿದ್ದರೆ ಒಬ್ಬರು ಇಂಚಿನಲ್ಲಿ ತುಂಬುವುದು ಗ್ಯಾರಂಟಿ. ಶೀಟಿನ ಸೆಟ್ಟಿಂಗ್ಸ್‌ನಲ್ಲಿ ದೇಶ ಭಾರತ ಅಂತ ಇದೆಯೇ ನೋಡಿ. ಅಮೆರಿಕ ಅಂತಿದ್ದರೆ ನೀವು ಹಾಕಿದ 3/9 ಸೆಪ್ಟೆಂಬರ್ ಮೂರು ಆಗುವ ಬದಲು ಮಾರ್ಚ್ ಒಂಬತ್ತು ಆಗುತ್ತದೆ.

ನಿಯಮ ನಾಲ್ಕೇ

ಶುಭೋದಯ, ಹಬ್ಬ, ಫಾರ್ವರ್ಡ್ ಬೇಡ. ಸುತ್ತೋಲೆಯೂ ಬೇಡ, ಅದಕ್ಕೆ ಬೇರೆ ಹದಿನೇಳು ಗ್ರೂಪ್ ಇವೆ. ರಾತ್ರಿ ಒಂಬತ್ತರ ಮೇಲೆ ಯಾರಿಂದಲೂ ಉತ್ತರ ನಿರೀಕ್ಷಿಸಬಾರದು. ಮತ್ತೆ, ಯಾರೇ ಪ್ರಶ್ನೆ ಕೇಳಿದರೂ ಎರಡು ದಿನದೊಳಗೆ ಒಬ್ಬರಾದರೂ ಉತ್ತರ ಕೊಡಬೇಕು, 'ಗೊತ್ತಿಲ್ಲ, ಆದರೆ ಇಂಥವರನ್ನು ಕೇಳುತ್ತೇನೆ' ಅಂದರೂ ಸರಿ. ಈ ಕೊನೆಯದು ಪಾಲಿಸಿದರೆ ಬಳಗ ಬದುಕುತ್ತದೆ. ಪ್ರಶ್ನೆ ಕೇಳಿ ಉತ್ತರ ಸಿಗದವರು ಎರಡನೇ ಸಲ ಕೇಳುವುದಿಲ್ಲ, ಬಾವಿ ಪ್ರಾಜೆಕ್ಟಿನ ಆ ಮೇಡಂ ಹಾಗೆ.

ನಿಯಮ ಮುರಿದವರಿಗೆ ಗ್ರೂಪಿನಲ್ಲಿ ಎಲ್ಲರ ಎದುರು ಹೇಳಬೇಡಿ. ವೈಯಕ್ತಿಕವಾಗಿ ಒಂದು ಮೆಸೇಜ್ ಹಾಕಿ: 'ಸಾರ್, ಆ ಗಣೇಶನ ಚಿತ್ರ ಚೆನ್ನಾಗಿತ್ತು, ಆದರೆ ಮೇಡಂ ಕೇಳಿದ ಪ್ರಶ್ನೆ ಅದರ ಕೆಳಗೆ ಮುಚ್ಚಿಹೋಯಿತು.' ಸಾಮಾನ್ಯವಾಗಿ ಅವರೇ ಅಳಿಸುತ್ತಾರೆ. ಅಡ್ಮಿನ್ ಕೆಲಸ ಎರಡು ತಿಂಗಳಿಗೊಬ್ಬರಂತೆ ಸುತ್ತಲಿ.

ಕೈಕೊಟ್ಟಿದ್ದನ್ನು ಬರೆಯಿರಿ

ಶಿಕ್ಷಕರ ಗ್ರೂಪ್‌ಗಳಲ್ಲಿ ಸಿಗುವುದು ಗೆದ್ದ ಫೋಟೊಗಳು ಮಾತ್ರ. ಮಕ್ಕಳು ಮಾದರಿ ಹಿಡಿದು ನಿಂತಿದ್ದಾರೆ, ಎಚ್‌ಎಂ ನಗುತ್ತಿದ್ದಾರೆ. ಅದರಿಂದ ಇನ್ನೊಬ್ಬರು ಏನು ಕಲಿಯಬಹುದು? ಏನೂ ಇಲ್ಲ. ಮಾದರಿ ಮೊದಲ ಸಲ ಯಾಕೆ ಕುಸಿಯಿತು, ಯಾವ ದಿನ ಅರ್ಧ ಕ್ಲಾಸು ಸುಮ್ನೆ ಕೂತಿತ್ತು ಅನ್ನುವುದು ಗೊತ್ತಾದರೆ ಉಪಯೋಗ.

ಹಾಗಾಗಿ ಪ್ರತಿ ಪ್ರಾಜೆಕ್ಟ್ ಮುಗಿದ ಮೇಲೆ ಒಂದು ಪುಟದ ಟಿಪ್ಪಣಿ ಡ್ರೈವ್‌ನಲ್ಲಿ ಇರಲಿ. ಪ್ರಶ್ನೆ ಏನಿತ್ತು, ಎಷ್ಟು ಪೀರಿಯಡ್ ಹಿಡಿಯಿತು, ಎಷ್ಟು ದುಡ್ಡು ಖರ್ಚಾಯಿತು, ಮಕ್ಕಳನ್ನು ಹೇಗೆ ಹಂಚಿದಿರಿ, ಎಲ್ಲಿ ಕೈಕೊಟ್ಟಿತು, ಮುಂದಿನ ಸಲ ಏನು ಬದಲಾಯಿಸುತ್ತೀರಿ. 'ಎಲ್ಲಿ ಕೈಕೊಟ್ಟಿತು' ಖಾಲಿ ಬಿಟ್ಟ ಟಿಪ್ಪಣಿಯನ್ನು ಬಳಗ ಒಪ್ಪಬಾರದು.

ನನ್ನದೇ ಒಂದನ್ನು ಇಲ್ಲಿ ಹಾಕುತ್ತೇನೆ: 'ಬಾಟಲಿ ಮಳೆಮಾಪಕ. ಏಳನೇ ತರಗತಿ. ಹತ್ತು ಬಾಟಲಿ ಇಟ್ಟೆವು. ಮೊದಲ ವಾರದಲ್ಲಿ ನಾಲ್ಕನ್ನು ಮೇಕೆ ಉರುಳಿಸಿತು. ಎರಡನೇ ವಾರ ಅಂಕಿಗಳು ಕೆಎಸ್‌ಎನ್‌ಡಿಎಂಸಿ (ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ) ಮಳೆಮಾಪಕದ ಅಂಕಿಗಿಂತ ಬಹಳ ಕಡಿಮೆ. ಕಾರಣ ಹುಡುಕಿದಾಗ, ಬಾಟಲಿ ಇಟ್ಟಿದ್ದು ಹೊಂಗೆ ಮರದ ಕೆಳಗೆ. ಬಾಟಲಿಯ ತಳ ಡುಬ್ಬ ಇರುವುದರಿಂದ ಮೊದಲು ಜಲ್ಲಿ ಹಾಕಿ ಸೊನ್ನೆ ಗುರುತಿನವರೆಗೆ ನೀರು ತುಂಬಬೇಕು, ಅದನ್ನು ಮರೆತಿದ್ದೆ.' ಇದನ್ನು ಓದಿದ ಮೂರು ಶಾಲೆಯವರು ಮೇಕೆಗೆ ಬೇಲಿ ಹಾಕಿಯೇ ಶುರು ಮಾಡಿದರು.

ಮಕ್ಕಳ ಕೆಲಸದ ಮಾದರಿಗಳನ್ನೂ ಹಾಕಿ, ಚೆನ್ನಾಗಿರುವುದು ಒಂದು, ಸಾಧಾರಣದ್ದು ಒಂದು, ಅರ್ಧಕ್ಕೆ ನಿಂತಿದ್ದು ಒಂದು. ಮೂವರು ಶಿಕ್ಷಕರು ಆ ಮೂರಕ್ಕೂ ಬೇರೆ ಬೇರೆಯಾಗಿ ಅಂಕ ಹಾಕಿ, ಆಮೇಲೆ ಹೋಲಿಸಿ ನೋಡಿ. ಒಬ್ಬರು 14 ಕೊಟ್ಟಿದ್ದಕ್ಕೆ ಇನ್ನೊಬ್ಬರು 8 ಕೊಟ್ಟಿರುತ್ತಾರೆ. ಯಾಕೆ ಅಂತ ಮಾತಾಡುತ್ತಾ ಮಾತಾಡುತ್ತಾ ಅಂಕದ ಮಾನದಂಡ ತಾನಾಗಿ ರೂಪುಗೊಳ್ಳುತ್ತದೆ.

ತಿಂಗಳಿಗೊಮ್ಮೆ ಮುಖ ನೋಡಿ

ಗೂಗಲ್ ಮೀಟ್‌ನಲ್ಲಿ ಮೂವರು ಅಥವಾ ಹೆಚ್ಚು ಜನ ಇದ್ದರೆ ಉಚಿತ ಖಾತೆಗೆ ಒಂದು ಗಂಟೆ ಸಿಗುತ್ತದೆ, ಜೂಮ್‌ನಲ್ಲಿ 40 ನಿಮಿಷ. ನಲವತ್ತೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಮಾತು ತಾನಾಗಿ ಬಿಗಿಯಾಗುತ್ತದೆ. ಸ್ವಾಗತ ಭಾಷಣ, ವಂದನಾರ್ಪಣೆ ಬೇಡವೇ ಬೇಡ.

ಒಂದು ಸಭೆಗೆ ಒಬ್ಬರದೇ ಪ್ರಾಜೆಕ್ಟ್. ಅವರು ಹತ್ತು ನಿಮಿಷ ತಮ್ಮ ಯೋಜನೆ ಹೇಳಿ, ತಮಗೆ ಕಾಡುತ್ತಿರುವ ಒಂದೇ ಪ್ರಶ್ನೆ ಮುಂದಿಡಲಿ. ಐದು ನಿಮಿಷ ಉಳಿದವರು ವಿವರ ಕೇಳಲಿ, ಸಲಹೆ ಇನ್ನೂ ಬೇಡ. ಆಮೇಲೆ ಹದಿನೈದು ನಿಮಿಷ ಉಳಿದವರು ಮಾತಾಡಲಿ, ಯೋಜನೆ ಹೇಳಿದವರು ಬಾಯಿ ಮುಚ್ಚಿಕೊಂಡು ಬರೆದುಕೊಳ್ಳಲಿ. ಇದು ಬಹಳ ಕಷ್ಟ, ಮೇಷ್ಟ್ರುಗಳಿಗಂತೂ. ಆದರೆ ನಡುವೆ ಸಮಜಾಯಿಷಿ ಕೊಡಲು ಬಿಟ್ಟರೆ ಇಡೀ ಹೊತ್ತು ಅದರಲ್ಲೇ ಹೋಗುತ್ತದೆ. ಕೊನೆಯ ಹತ್ತು ನಿಮಿಷದಲ್ಲಿ ಅವರು ಯಾವ ಸಲಹೆ ತಗೊಳ್ಳುತ್ತೇನೆ, ಯಾವುದು ನನ್ನ ಶಾಲೆಗೆ ಆಗಲ್ಲ ಅಂತ ಹೇಳಲಿ.

ಪ್ರಾಜೆಕ್ಟ್ ಮುಗಿದ ಮೇಲೆ ತೋರಿಸುವುದಕ್ಕಿಂತ ಶುರುವಾಗುವ ಮುಂಚೆ ಅಥವಾ ನಡುವೆ ತೋರಿಸಿದರೆ ಲಾಭ ಜಾಸ್ತಿ. ಮುಗಿದದ್ದಕ್ಕೆ ಸಲಹೆ ಕೊಟ್ಟು ಏನು ಪ್ರಯೋಜನ?

ನೆಟ್‌ವರ್ಕ್ ಸರಿಯಿಲ್ಲದ ಊರಿನವರು ಮೂರು ನಿಮಿಷದ ಧ್ವನಿ ಸಂದೇಶ ಮುಂಚೆಯೇ ಕಳಿಸಲಿ. ರಾಷ್ಟ್ರೀಯ ಶಿಕ್ಷಣ ನೀತಿ 2020 ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಯ ವೃತ್ತಿಪರ ಬೆಳವಣಿಗೆಯ ಮಾತಾಡುತ್ತದೆ. ದಿನಾಂಕ, ವಿಷಯ, ಹಾಜರಿ ಬರೆದಿಟ್ಟುಕೊಳ್ಳಿ. ಎಲ್ಲಿಯಾದರೂ ಲೆಕ್ಕಕ್ಕೆ ಬಂದರೆ ಬರಲಿ.

ಮಕ್ಕಳ ಫೋಟೊ, ಮಕ್ಕಳ ನಂಬರ್

ಇದರಲ್ಲಿ ನಾವೆಲ್ಲ ತುಂಬ ಸಡಿಲ. ಮಗುವಿನ ಮುಖ, ಹೆಸರು, ಶಾಲೆಯ ಬೋರ್ಡು, ಮೂರೂ ಒಂದೇ ಫೋಟೊದಲ್ಲಿ ಹಾಕಿ ಇಡೀ ಜಿಲ್ಲೆಗೆ ಕಳಿಸುತ್ತೇವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದ ಒಳಗಿನವರ ಮಾಹಿತಿಗೆ ತಂದೆ-ತಾಯಿಯ ಒಪ್ಪಿಗೆ ಎಂಬ ಮಾತಿದೆ. ಕಾಯ್ದೆ ಬದಿಗಿರಲಿ, ನಿಮ್ಮ ಮಗಳ ಫೋಟೊ ಗುರುತಿಲ್ಲದ ನೂರು ಜನರ ಫೋನಿನಲ್ಲಿದ್ದರೆ ನಿಮಗೆ ಹೇಗನಿಸುತ್ತದೆ?

ಬಳಗದಲ್ಲಿ ಕೈಗಳ ಫೋಟೊ ಹಾಕಿ, ವಸ್ತುವಿನ ಫೋಟೊ ಹಾಕಿ, ಬೆನ್ನ ಹಿಂದಿನಿಂದ ತೆಗೆಯಿರಿ. ಶೀಟಿನಲ್ಲಿ ಮಗುವಿನ ಹೆಸರಿನ ಬದಲು ತಂಡದ ಹೆಸರು. ಎರಡು ಶಾಲೆಯ ಮಕ್ಕಳು ಮಾತಾಡಬೇಕಾದರೆ ಶಿಕ್ಷಕರ ಎದುರು, ಶಾಲೆಯ ಪ್ರೊಜೆಕ್ಟರ್ ಅಥವಾ ಶಿಕ್ಷಕರ ಫೋನಿನಿಂದಲೇ. ಮಕ್ಕಳ ನಂಬರ್‌ಗಳನ್ನು ಒಂದೇ ಗ್ರೂಪಿಗೆ ಸೇರಿಸುವುದು ಖಂಡಿತ ಬೇಡ.

ಬಳಗದ ಆಚೆಗೆ

ಮೂರು-ನಾಲ್ಕು ತಿಂಗಳು ಕಳೆದ ಮೇಲೆ ಹೊರಗೆ ನೋಡಿ. ಮಕ್ಕಳು ಒಂದು ಮರವನ್ನು ವಾರ ವಾರ ನೋಡಿ ಚಿಗುರು, ಹೂವು, ಕಾಯಿ ದಾಖಲಿಸುವ 'ಸೀಸನ್‌ವಾಚ್' ಎಂಬ ಯೋಜನೆ ದೇಶದಾದ್ಯಂತ ನಡೆಯುತ್ತಿದೆ. ನಿಮ್ಮ ಶಾಲೆಯ ಮುಂದಿನ ಬೇವಿನ ಮರವೂ ಅದರಲ್ಲಿ ಸೇರಬಹುದು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನದ ಹಿತ್ತಲ ಹಕ್ಕಿ ಎಣಿಕೆ ಇರುತ್ತದೆ, ಹದಿನೈದು ನಿಮಿಷ ಹಕ್ಕಿ ನೋಡಿ ಇ-ಬರ್ಡ್ ತಾಣದಲ್ಲಿ ಹಾಕಿದರಾಯಿತು. ಕರ್ನಾಟಕದ ಶಿಕ್ಷಕರೇ ಸೇರಿ ಬರೆದ ಕನ್ನಡ ಸಂಪನ್ಮೂಲಗಳು 'ಕೊಯರ್' ಎಂಬ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿವೆ. ಆಟಿಕೆಗಳಿಂದ ವಿಜ್ಞಾನ ಹೇಳುವ ಅರವಿಂದ ಗುಪ್ತಾ ಅವರ ತಾಣ ನನಗಂತೂ ಮನೆಯ ಅಟ್ಟದ ಹಾಗೆ, ಹುಡುಕಿದಷ್ಟೂ ಏನೋ ಸಿಗುತ್ತದೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳನ್ನು ಉಚಿತವಾಗಿ ಇಳಿಸಿಕೊಂಡು, ನಿಮ್ಮ ಊರಿಗೆ ಹೊಂದಿಸಿ ಮರುಬಳಕೆ ಮಾಡಬಹುದು.

ಜ್ಞಾನ ಇರುವುದು ತಾಣಗಳಲ್ಲಿ ಮಾತ್ರವಲ್ಲ. ಬಾವಿ ತೋಡುವವರು, ಅಂಚೆ ಸಿಬ್ಬಂದಿ, ಆಶಾ ಕಾರ್ಯಕರ್ತೆ, ಬೆಂಗಳೂರಿನಲ್ಲಿ ಕೆಲಸ ಮಾಡುವ ನಿಮ್ಮ ಹಳೆಯ ವಿದ್ಯಾರ್ಥಿ, ಇವರನ್ನು ಇಪ್ಪತ್ತು ನಿಮಿಷ ವಿಡಿಯೊ ಕರೆಯಲ್ಲಿ ಕೂರಿಸಿ. ಒಂದು ಎಚ್ಚರಿಕೆ: ಭಾಷಣಕ್ಕೆ ಕರೆಯಬೇಡಿ. ಮಕ್ಕಳು ಬರೆದ ಆರು ಪ್ರಶ್ನೆಗಳನ್ನು ಮುಂಚೆಯೇ ಕಳಿಸಿ, ಅವಕ್ಕಷ್ಟೇ ಉತ್ತರ ಕೇಳಿ.

ಸುಸ್ತು, ವರ್ಗಾವಣೆ, ಮಾರ್ಚ್

ಜನವರಿ ನಂತರ ಎಸ್ಸೆಸ್ಸೆಲ್ಸಿ ಮಕ್ಕಳ ವಿಶೇಷ ತರಗತಿ ಶುರುವಾಗುತ್ತದೆ, ಬಳಗ ತಣ್ಣಗಾಗುತ್ತದೆ. ಆಗಲಿ ಬಿಡಿ. 'ಯಾಕೆ ಯಾರೂ ಮಾತಾಡುತ್ತಿಲ್ಲ?' ಅಂತ ಕೆದಕಬೇಡಿ. ಡಿಸೆಂಬರ್‌ನಲ್ಲೇ 'ಏಪ್ರಿಲ್‌ವರೆಗೆ ವಿರಾಮ' ಅಂತ ಘೋಷಿಸಿದರೆ ಯಾರಿಗೂ ತಪ್ಪಿತಸ್ಥ ಭಾವನೆ ಬರುವುದಿಲ್ಲ.

ಇಬ್ಬರು ಬಿಟ್ಟು ಹೋಗುತ್ತಾರೆ, ಅದೂ ಸಹಜ. ಹೊಸಬರನ್ನು ಒಬ್ಬೊಬ್ಬರಾಗಿ ಸೇರಿಸಿ, ಬಂದ ಮೊದಲ ವಾರ ಹಳಬರೊಬ್ಬರು ಅವರಿಗೆ ಫೋನ್ ಮಾಡಿ ಡ್ರೈವ್ ತೋರಿಸಲಿ. ಹನ್ನೆರಡು ಜನ ದಾಟಿದರೆ ಒಡೆದು ಎರಡು ಬಳಗ ಮಾಡಿ. ದೊಡ್ಡ ಗುಂಪಿನಲ್ಲಿ ಇಬ್ಬರು ಮಾತಾಡುತ್ತಾರೆ, ಹತ್ತು ಜನ ಕೇಳುತ್ತಾರೆ, ಉಳಿದವರು ಮ್ಯೂಟ್ ಮಾಡುತ್ತಾರೆ.

ಬಳಗದಿಂದ ಉಪಯೋಗ ಆಯಿತಾ ಅಂತ ನೋಡಲು ಮೆಸೇಜುಗಳನ್ನು ಎಣಿಸಬೇಡಿ. ಇನ್ನೊಬ್ಬರ ಟಿಪ್ಪಣಿ ಓದಿ ನಿಮ್ಮ ಕ್ಲಾಸಿನಲ್ಲಿ ಈ ವರ್ಷ ಏನಾದರೂ ಬದಲಾಯಿತಾ, ನಿಮ್ಮ ಟಿಪ್ಪಣಿಯಿಂದ ಇನ್ನೊಬ್ಬರಲ್ಲಿ ಏನಾದರೂ ಬದಲಾಯಿತಾ, ಈ ಎರಡನ್ನು ಏಪ್ರಿಲ್‌ನಲ್ಲಿ ಪ್ರತಿಯೊಬ್ಬರೂ ಎರಡೆರಡು ಸಾಲು ಬರೆಯಲಿ. ಎರಡಕ್ಕೂ 'ಇಲ್ಲ' ಅಂತ ಎಲ್ಲರೂ ಬರೆದರೆ ಗ್ರೂಪ್ ಮುಚ್ಚಿಬಿಡಿ, ಸ್ನೇಹ ಹಾಗೇ ಇರಲಿ.

ಬೇಸಿಗೆ ರಜೆಗೆ ಮುಂಚೆ ಮಾಡಬೇಕಾದ ಒಂದು ಕೆಲಸ ಬಾಕಿ ಇದೆ. ಡ್ರೈವ್ ಫೋಲ್ಡರಿನ ಒಂದು ಪೂರ್ತಿ ಪ್ರತಿಯನ್ನು ಇನ್ನೊಬ್ಬರ ಖಾತೆಗೂ, ಒಂದು ಪೆನ್‌ಡ್ರೈವ್‌ಗೂ ಹಾಕಿಡಿ. ಜೂನ್ ಮೊದಲ ವಾರ, ಶಾಲೆ ತೆರೆದು ಪಠ್ಯಪುಸ್ತಕ ಹಂಚುವ ಗಡಿಬಿಡಿಯಲ್ಲೂ, ಅಡ್ಮಿನ್ ಆದವರು ಗ್ರೂಪಿಗೆ ಒಂದೇ ಸಾಲು ಹಾಕಲಿ: 'ಈ ವರ್ಷ ಯಾರ ಹತ್ತಿರ ಯಾವ ಪ್ರಶ್ನೆ ಇದೆ?'